ವಿಷ್ಣುದಾಸ ಭಾವೆ: ಕರ್ಕಿಯ ಆಟದಿಂದ ಮರಾಠಿ ರಂಗಭೂಮಿಗೆ

ಬೇಸಗೆ ಬಂದಿತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಉತ್ಸವಗಳ ಕಾಲವೇ ಬಂದಂತೆ. ಡೊಂಬಿವಲಿಯ ಬೀದಿಗಳಲ್ಲಿ 1999ರಲ್ಲಿ ಮೊದಲುಗೊಂಡ ಯುಗಾದಿಯ ಶೋಭಾಯಾತ್ರೆಯು ಇದಕ್ಕೆ ನಾಂದಿ ಹಾಡುತ್ತದೆ. ಬಳಿಕ ಬಸವ ಜಯಂತಿ, ಗಾನಗೋಷ್ಠಿ, ಚಿತ್ರಕಲಾ ಪ್ರದರ್ಶನ, ಸಂಘಗಳ ವಾರ್ಷಿಕೋತ್ಸವ, ನಾಟಕ, ಯಕ್ಷಗಾನ ಎಂದು ಒಂದರ ಬೆನ್ನಿಗೆ ಒಂದು ಬರುತ್ತವೆ. ಹೊಟೇಲಿನ ಕೆಲಸ ಮುಗಿಸಿ, ಆಫೀಸಿನಿಂದ ನೇರವಾಗಿ ಲೋಕಲ್ ಗಾಡಿ ಹಿಡಿದು ನಮ್ಮ ಬಂಧುಗಳು ರಂಗಮಂದಿರದ ಬಾಗಿಲಿಗೆ ಬಂದು ಸೇರುತ್ತಾರೆ.

ಆ ಬಾಗಿಲುಗಳ ಮೇಲಿರುವ ಹೆಸರುಗಳನ್ನು ನಾವು ಎಷ್ಟರ ಮಟ್ಟಿಗೆ ಬಲ್ಲೆವು? ಥಾಣೆಯ ರಂಗಾಯತನಕ್ಕೆ ರಾಮ ಗಣೇಶ ಗಡ್ಕರಿಯವರ ಹೆಸರಿದೆ. ಕಲ್ಯಾಣದ ರಂಗಮಂದಿರಕ್ಕೆ ಆಚಾರ್ಯ ಅತ್ರೆಯವರ ಹೆಸರಿದೆ. ಡೊಂಬಿವಲಿಯ ನಾಟ್ಯಗೃಹಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರಿದೆ. ಇವರನ್ನು ಕುರಿತು ನಮ್ಮವರು ಅಷ್ಟಿಷ್ಟು ಕೇಳಿಯೇ ಇದ್ದಾರೆ. ನವಿಮುಂಬಯಿಯ ವಾಶಿಯಲ್ಲಿರುವ ನಾಟ್ಯಗೃಹದ ಹೆಸರು ಮಾತ್ರ ಹಲವರಿಗೆ ಬರಿಯ ವಿಳಾಸವಾಗಿ ಉಳಿದಿದೆ. ಅದು ವಿಷ್ಣುದಾಸ ಭಾವೆ ನಾಟ್ಯಗೃಹ. ಈ ನಾಲ್ಕು ಹೆಸರುಗಳಲ್ಲಿ ಕನ್ನಡಿಗರಿಗೆ ಅತ್ಯಂತ ಹತ್ತಿರದವರು ಈ ವಿಷ್ಣುದಾಸರೇ ಎಂಬುದನ್ನು ತಿಳಿದರೆ ವಾಚಕರಿಗೆ ಅಚ್ಚರಿಯಾದೀತು. ಆದುದರಿಂದ ಆ ಮಹನೀಯರ ಜೀವನಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ವಿಷ್ಣು ಅಮೃತ ಭಾವೆಯವರು 1819ರ ಸುಮಾರಿಗೆ ಜನಿಸಿದರು. ತಂದೆ ಅಮೃತರಾಯರು ಸಾಂಗಲಿ ಸಂಸ್ಥಾನದ ಸೈನ್ಯದಲ್ಲಿ ಚಾಕರಿಗಿದ್ದವರು. ಬಾಲಕನಿಗೆ ಓದಿಗಿಂತ ಕೈಕೆಲಸದಲ್ಲಿಯೂ ಕಥೆಗಳಲ್ಲಿಯೂ ಆಸಕ್ತಿ ಹೆಚ್ಚು. ಬೊಂಬೆ ಮಾಡುವುದು, ಕಥೆ ಕಟ್ಟುವುದು, ಪದ ಹೊಸೆಯುವುದು ಇವೇ ಆತನ ವಿನೋದಗಳು. ಈ ಜಾಣ್ಮೆಯು ಸಂಸ್ಥಾನಾಧಿಪತಿ ಚಿಂತಾಮಣರಾವ ಅಪ್ಪಾಸಾಹೇಬ ಪಟವರ್ಧನರ ಕಣ್ಣಿಗೆ ಬಿದ್ದಿತು.

ಸಾಂಗಲಿಯು ಮರಾಠಿ ದೊರೆಯ ರಾಜಧಾನಿಯಾಗಿದ್ದರೂ ಸಂಸ್ಥಾನದ ಪ್ರಜೆಗಳೆಲ್ಲ ಮರಾಠಿಗರಾಗಿರಲಿಲ್ಲ. ಇಂದು ಕರ್ನಾಟಕದಲ್ಲಿರುವ ಶಿರಹಟ್ಟಿ, ತೇರದಾಳ, ಬೆಳಗಾವಿಯ ಶಹಾಪುರ ಇವೆಲ್ಲ ಅಂದು ಆ ಸಂಸ್ಥಾನಕ್ಕೆ ಸೇರಿದ್ದವು. ಕನ್ನಡದ ಧ್ವನಿ ಆ ದರಬಾರಿಗೆ ಅಪರಿಚಿತವಾಗಿರಲಿಲ್ಲ. 1842ರ ಸುಮಾರಿಗೆ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿ ಎಂಬ ಊರಿನಿಂದ ಭಾಗವತರ ಮೇಳವೊಂದು ಘಟ್ಟವನ್ನೇರಿ ಸಾಂಗಲಿಗೆ ಬಂದಿತು. ಭಾಗವತರು ಹಾಡುವರು, ವೇಷಧಾರಿಗಳು ಕುಣಿಯುವರು, ಕುಣಿತ ನಿಂತಾಗ ಅರ್ಥ ಹೇಳುವರು. ಕರಾವಳಿಯಿಂದ ಬಂದ ನಮ್ಮ ವಾಚಕರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಅವರು ಹಾಸಿಗೆ ಹಿಡಿದುಕೊಂಡು ಹೋಗಿ ಗದ್ದೆಯ ಬಯಲಿನಲ್ಲಿ ರಾತ್ರಿಯಿಡೀ ನೋಡಿದ ಯಕ್ಷಗಾನದ ಆಟವೇ ಅದು.

ಆಟವನ್ನು ನೋಡಿದ ದೊರೆಗೆ ಸಂತೋಷವಾಯಿತು. ಅದರೊಂದಿಗೆ ಒಂದು ಆಸೆಯೂ ಹುಟ್ಟಿತು. ಮರಾಠಿಯಲ್ಲಿ ಕೀರ್ತನೆಯಿತ್ತು, ತಮಾಷೆಯಿತ್ತು, ಲಳಿತವಿತ್ತು. ಆದರೆ ಪುರಾಣದ ಕಥೆಯನ್ನು ವೇಷ ಕಟ್ಟಿ ಆದ್ಯಂತವಾಗಿ ಆಡಿ ತೋರಿಸುವ ನಾಟಕವು ಆ ಸೀಮೆಯಲ್ಲಿ ರೂಢಿಯಲ್ಲಿರಲಿಲ್ಲ. ದೂರದ ತಂಜಾವೂರಿನಲ್ಲಿ ಭೋಸಲೆ ಅರಸರು ಅದಕ್ಕೂ ಹಿಂದೆಯೇ ಮರಾಠಿ ನಾಟಕಗಳನ್ನು ಬರೆದಿದ್ದರಾದರೂ ಅವು ಮಹಾರಾಷ್ಟ್ರದ ರಂಗಕ್ಕೆ ಬಂದಿರಲಿಲ್ಲ. ಕರ್ಕಿಯವರು ಮಾಡಿದಂತಹ ಆಟವನ್ನು ಮರಾಠಿಯಲ್ಲಿ ಮಾಡಿ ತೋರಿಸಬೇಕೆಂದು ದೊರೆಗಳು ಭಾವೆಯವರಿಗೆ ಅಪ್ಪಣೆಯಿತ್ತರು. ಆಗ ಅವರಿಗೆ ಇಪ್ಪತ್ತನಾಲ್ಕರ ಆಸುಪಾಸಿನ ವಯಸ್ಸು.

ಅಪ್ಪಣೆಯನ್ನು ಕೊಡುವುದು ಸುಲಭ, ನಡೆಸುವುದು ಕಠಿಣ. ನೋಡಿ ಕಲಿಯಲು ಮರಾಠಿಯಲ್ಲಿ ಒಂದು ಮಾದರಿಯೂ ಇರಲಿಲ್ಲ. ಪದ್ಯಗಳನ್ನು ತಾವೇ ರಚಿಸಬೇಕು, ನಟರನ್ನು ತಾವೇ ಹುಡುಕಬೇಕು, ಕಿರೀಟ ಭುಜಕೀರ್ತಿಗಳನ್ನು ತಾವೇ ಮಾಡಿಸಬೇಕು, ಹೆಜ್ಜೆಯನ್ನೂ ಮಾತನ್ನೂ ತಾವೇ ಕಲಿಸಬೇಕು. ಮರ್ಯಾದಸ್ಥರ ಮನೆಯ ಹುಡುಗರು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದನ್ನು ಸಮಾಜವು ಹೀನವೆಂದು ಎಣಿಸುತ್ತಿದ್ದ ಕಾಲವದು. ಸ್ತ್ರೀಪಾತ್ರಕ್ಕೂ ಗಂಡು ಹುಡುಗರೇ ಆಗಬೇಕು. ಇವೆಲ್ಲವನ್ನೂ ದಾಟಿ 1843ರ ನವೆಂಬರ್ 5ರಂದು ಸಾಂಗಲಿಯ ಅರಮನೆಯಲ್ಲಿ ಭಾವೆಯವರ ಸೀತಾಸ್ವಯಂವರವು ಪ್ರಯೋಗಗೊಂಡಿತು. ಆ ದಿನವನ್ನು ಮಹಾರಾಷ್ಟ್ರವು ಇಂದಿಗೂ ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಿದೆ.

ಆ ಪ್ರಯೋಗದ ಕ್ರಮವು ಹೇಗಿತ್ತೆಂಬುದನ್ನು ನಮ್ಮವರು ಲಕ್ಷ್ಯಗೊಟ್ಟು ಗಮನಿಸಬೇಕು. ಸೂತ್ರಧಾರನು ಹಿಮ್ಮೇಳದವರೊಂದಿಗೆ ನಿಂತು ಸ್ತುತಿಪದಗಳನ್ನು ಹಾಡುವನು. ವಿದೂಷಕನು ಬಂದು ಅವನೊಡನೆ ಹಾಸ್ಯದ ಮಾತನಾಡುವನು. ಗಣಪತಿಯ ವೇಷವು ರಂಗಕ್ಕೆ ಬಂದು ಅಭಯವೀಯುವುದು. ಸರಸ್ವತಿಯು ನವಿಲನ್ನೇರಿ ಕುಣಿಯುತ್ತ ಬರುವಳು. ಆಮೇಲೆ ಕಥೆಯ ಆರಂಭ. ಸೂತ್ರಧಾರನು ಪದವನ್ನು ಹಾಡಿದ ಮೇಲೆ ಪಾತ್ರಧಾರಿಗಳು ಅದರ ಅರ್ಥವನ್ನು ಸ್ವಂತ ಮಾತುಗಳಲ್ಲಿ ಬೆಳೆಸುವರು. ಬರೆದಿಟ್ಟ ಸಂಭಾಷಣೆಯಿಲ್ಲ. ರಾಕ್ಷಸರು ಆರ್ಭಟಿಸುತ್ತ ಪ್ರವೇಶಿಸುವರು. ನಮ್ಮ ಭಾಗವತಿಕೆ, ನಮ್ಮ ಹಾಸ್ಯಗಾರ, ನಮ್ಮ ಅರ್ಥಗಾರಿಕೆ, ನಮ್ಮ ರಕ್ಕಸವೇಷದ ಅಟ್ಟಹಾಸ ಇವೆಲ್ಲದರ ಛಾಯೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಾಗೆಂದು ಭಾವೆಯವರು ಕಂಡುದನ್ನು ಕಂಡಂತೆಯೇ ಎತ್ತಿಕೊಳ್ಳಲಿಲ್ಲ. ತಮಗೆ ಒರಟೆಂದು ತೋರಿದುದನ್ನು ಬಿಟ್ಟರು, ಮರಾಠಿ ಕೀರ್ತನೆಯ ಪದಗಳ ಧಾಟಿಯನ್ನು ಸೇರಿಸಿದರು, ತಮ್ಮ ಜನರ ಅಭಿರುಚಿಗೆ ಹೊಂದುವಂತೆ ತಿದ್ದಿದರು. ಕಸಿ ಕಟ್ಟಿದ ಗಿಡವು ಹೊಸ ನೆಲದಲ್ಲಿ ಹೊಸ ಹಣ್ಣನ್ನೇ ಕೊಟ್ಟಿತು.

ಎಂಟು ವರುಷ ರಾಜಾಶ್ರಯದಲ್ಲಿ ಕಾರ್ಯವು ಸಾಗಿತು. 1851ರಲ್ಲಿ ಚಿಂತಾಮಣರಾಯರು ಕಾಲವಾದರು. ಉತ್ತರಾಧಿಕಾರಿಯು ಇನ್ನೂ ಬಾಲಕ. ಕಾರಭಾರವು ಬೇರೆಯವರ ಕೈಗೆ ಹೋಯಿತು, ನಾಟಕಕ್ಕೆ ಬರುತ್ತಿದ್ದ ಹಣವು ನಿಂತಿತು. ವೇಷಭೂಷಣಕ್ಕೆಂದು ಮಾಡಿದ ಸಾಲವು ತಲೆಯ ಮೇಲಿತ್ತು. ನಂಬಿ ಬಂದ ನಟರ ಹೊಟ್ಟೆಯ ಪ್ರಶ್ನೆಯು ಎದುರಿಗಿತ್ತು. ಒಡೆಯನು ತೀರಿಕೊಂಡಾಗ ಕೆಲಸಗಾರನ ಪಾಡೇನೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಮಾಲಿಕನೊಬ್ಬನು ಹೋಗಿ ಹೊಟೇಲು ಕೈಬದಲಾದಾಗ ಹಾಸಿಗೆಯನ್ನು ಸುತ್ತಿಕೊಂಡು ಹೊಸ ಊರನ್ನು ಅರಸಿದ ಅನುಭವವುಳ್ಳವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಭಾವೆಯವರು ಮಾಡಿದುದೂ ಅದನ್ನೇ. ವೇಷದ ಪೆಟ್ಟಿಗೆಗಳನ್ನು ಕಟ್ಟಿಕೊಂಡು, ಮೇಳವನ್ನು ಕೂಡಿಕೊಂಡು ಊರೂರು ಸಂಚರಿಸತೊಡಗಿದರು. ಪುಣೆಯಲ್ಲಿ ಆಡಿದರು, ಮುಂದೆ ಮುಂಬಯಿಗೆ ಬಂದರು.

ಅದು 1853ನೆಯ ಇಸವಿ. ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಒಂದು ನಾಟಕಶಾಲೆಯಿತ್ತು. ಅದರ ನಿವೇಶನವನ್ನು ಒದಗಿಸಿದವರು ಪ್ರಸಿದ್ಧ ವರ್ತಕರಾದ ಜಗನ್ನಾಥ ಶಂಕರಶೇಟರು. ಇಂಗ್ಲಿಷರ ನಾಟಕಗಳಿಗಾಗಿ 1846ರಲ್ಲಿ ತೆರೆದಿದ್ದ ಆ ರಂಗದ ಮೇಲೆ ಸಾಂಗಲಿಯವರ ಪುರಾಣಕಥೆಗಳು ಟಿಕೇಟಿನ ಮೇಲೆ ಪ್ರದರ್ಶಿತವಾದವು. ಅದೇ ಸುಮಾರಿನಲ್ಲಿ ಭಾವೆಯವರು ಗೋಪೀಚಂದನ ಕಥೆಯನ್ನು ಹಿಂದುಸ್ತಾನಿಯಲ್ಲಿಯೂ ಆಡಿಸಿದರು; ಏಕೆಂದರೆ ಮುಂಬಯಿಯ ಪ್ರೇಕ್ಷಕನು ಒಂದೇ ಭಾಷೆಯವನಾಗಿರಲಿಲ್ಲ. ಅದೇ ವರುಷದ ಅಕ್ಟೋಬರದಲ್ಲಿ ಅದೇ ರಂಗಮಂದಿರದಲ್ಲಿ ಪಾರಸಿ ಬಂಧುಗಳೂ ತಮ್ಮ ನಾಟಕವನ್ನು ಆರಂಭಿಸಿದರು. ಭಾರತದ ವೃತ್ತಿ ರಂಗಭೂಮಿಗೆ ಮುಂಬಯಿಯು ತೊಟ್ಟಿಲಾದುದು ಹೀಗೆ.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ಅದೇ 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಥಾಣೆಗೆ ದೇಶದ ಮೊದಲನೆಯ ಪ್ರಯಾಣಿಕರ ರೈಲುಗಾಡಿ ಓಡಿತು. ಇಪ್ಪತ್ತೊಂದು ಮೈಲಿಗಳ ದಾರಿ. ಮರುವರುಷ ಹಳಿಯು ಕಲ್ಯಾಣದವರೆಗೆ ಮುಂದುವರಿಯಿತು. ನಮ್ಮನ್ನು ದಿನವೂ ಹೊತ್ತೊಯ್ಯುವ ಈ ರೈಲುದಾರಿಯೂ, ದುಡ್ಡು ಕೊಟ್ಟು ನಾಟಕ ನೋಡುವ ಮುಂಬಯಿಯ ಮರಾಠಿ ಪ್ರೇಕ್ಷಕನೂ ಒಂದೇ ವರುಷದ ಕೂಸುಗಳೆಂದರೆ ತಪ್ಪಾಗಲಾರದು. ರಾಜನ ಕೊಡುಗೆಯಿಂದ ಬದುಕಿದ್ದ ಕಲೆಯು ಅಂದಿನಿಂದ ಸಾಮಾನ್ಯನ ಕಿಸೆಯ ಕಾಸಿನಿಂದ ಬದುಕಲು ಕಲಿಯಿತು. ಭಾವೆಯವರ ಜೀವನದ ದೊಡ್ಡ ಸಾಧನೆ ಇದೇ ಎಂದು ನಮ್ಮ ಭಾವನೆ. ಅರಮನೆಯ ಬಾಗಿಲು ಮುಚ್ಚಿದ ದಿನ ಅವರು ಸುಮ್ಮನೆ ಕುಳಿತಿದ್ದರೆ ಸೀತಾಸ್ವಯಂವರವು ಸಂಸ್ಥಾನದ ದಫ್ತರದ ಒಂದು ಸಾಲಾಗಿ ಉಳಿಯುತ್ತಿತ್ತು.

ಹತ್ತು ವರುಷಗಳ ಅಲೆದಾಟದ ತರುವಾಯ, 1860ರ ದಶಕದ ಆದಿಯಲ್ಲಿ ಭಾವೆಯವರು ನಾಟಕದ ವ್ಯವಸಾಯದಿಂದ ನಿವೃತ್ತರಾದರು. ಅಷ್ಟರಲ್ಲಿ ಇಚಲಕರಂಜಿಕರ, ಅಳತೇಕರ ಮುಂತಾದವರ ಮಂಡಳಿಗಳು ಅವರು ಹಾಕಿದ ದಾರಿಯಲ್ಲಿ ನಡೆಯತೊಡಗಿದ್ದವು. ಇಂಗ್ಲಿಷ್ ಕಲಿತ ಹೊಸ ತರುಣರು ಬರೆದ ನಾಟಕಗಳನ್ನು ಬಯಸತೊಡಗಿದರು; ರಕ್ಕಸರ ಆರ್ಭಟವನ್ನು ಕಂಡು ನಕ್ಕವರೂ ಉಂಟು. ಭಾವೆಯವರು ಮತ್ತೆ ತಮ್ಮ ಬಾಲ್ಯದ ಬೊಂಬೆಗಳ ಕಡೆಗೆ ತಿರುಗಿದರು. ಅವರು ಮರದಿಂದ ರೂಪಿಸಿದ ಸೂತ್ರದ ಬೊಂಬೆಗಳನ್ನು ನಮ್ಮ ಕಾಲದಲ್ಲಿ ಬೊಂಬೆಯಾಟದ ಕಲಾವಿದ ರಾಮದಾಸ ಪಾಧ್ಯೆಯವರು ಜೀರ್ಣೋದ್ಧಾರ ಮಾಡಿ ಮತ್ತೆ ಆಡಿಸಿದ್ದಾರೆ. ತಮ್ಮ ನಾಟಕಗಳ ಪದ್ಯಗಳನ್ನು ಭಾವೆಯವರು 1885ರಲ್ಲಿ ನಾಟ್ಯಕವಿತಾಸಂಗ್ರಹವೆಂಬ ಪುಸ್ತಕವಾಗಿ ಅಚ್ಚು ಹಾಕಿಸಿದರು. 1901ರ ಆಗಸ್ಟ್ 9ರಂದು ದೈವಾಧೀನರಾದರು. ಪ್ರತಿ ವರುಷ ನವೆಂಬರ್ 5ರಂದು ಸಾಂಗಲಿಯಲ್ಲಿ ಅವರ ಹೆಸರಿನ ಗೌರವಪದಕವನ್ನು ಹಿರಿಯ ರಂಗಕಲಾವಿದರಿಗೆ ನೀಡುವ ಪದ್ಧತಿಯಿದೆ.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಸೀತಾಸ್ವಯಂವರವು ರಂಗಕ್ಕೆ ಬಂದ 1843ರಲ್ಲಿಯೇ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದರು. ಕನ್ನಡ ನೆಲದ ಆ ಮಗನು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿ, ಹಾಡನ್ನು ಸೂತ್ರಧಾರನಿಂದ ನಟರ ಬಾಯಿಗೆ ತಂದು, ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲನ್ನಿಟ್ಟನು. ಮರಾಠಿ ಮಂಡಳಿಗಳು ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಬಂದು ಜನರನ್ನು ಮರುಳುಗೊಳಿಸಿದವು. ಕನ್ನಡಿಗರು ಮರಾಠಿ ನಾಟಕಕ್ಕೆ ಮುಗಿಬೀಳುವುದನ್ನು ಕಂಡು ಮನನೊಂದ ಶಾಲಾಮಾಸ್ತರ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಕರ್ಕಿಯಿಂದ ಸಾಂಗಲಿಗೆ ಹೋದ ದೀಪವು ಮುಂಬಯಿ, ಪುಣೆಗಳನ್ನು ಬೆಳಗಿ, ಕೊನೆಗೆ ಗದಗಿಗೆ ಹಿಂದಿರುಗಿತು.

ಈ ವೃತ್ತಾಂತವನ್ನು ಕೇಳಿ, ಮರಾಠಿಗರಿಗೆ ನಾಟಕ ಕಲಿಸಿದವರು ನಾವೇ ಎಂದು ಎದೆ ತಟ್ಟಿಕೊಳ್ಳುವವರು ನಮ್ಮಲ್ಲಿ ಕೆಲವರಿದ್ದಾರೆ. ಅದು ಅರ್ಧಸತ್ಯ. ಕೊಟ್ಟವರು ನಾವು ಹೌದು. ಕೊಟ್ಟುದನ್ನು ಕಾಪಾಡಿ, ಹಿಗ್ಗಿಸಿ, ನಮಗೇ ಹಿಂದಿರುಗಿಸಿದವರು ಅವರು. ಇನ್ನೊಂದು ಸಂಗತಿಯು ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ. ಸಾಂಗಲಿಯ ದೊರೆಯ ಹೆಸರನ್ನೂ ಭಾವೆಯವರ ಹೆಸರನ್ನೂ ಶಾಲೆಯ ಮಕ್ಕಳು ಓದುತ್ತಾರೆ. ಅಂದು ಸಾಂಗಲಿಯಲ್ಲಿ ಕುಣಿದ ಕರ್ಕಿಯ ವೇಷಧಾರಿಗಳನ್ನು ಹೆಸರು ಹಿಡಿದು ನೆನೆಯುವವರು ಯಾರು? ಹಗಲು ದುಡಿದು ರಾತ್ರಿ ಬಣ್ಣ ಹಚ್ಚುವ ಕಲಾವಿದನನ್ನು ಲೋಕವು ಮರೆಯುವುದು ಹೀಗೆಯೇ. ಕಿಚನ್ನಿನಲ್ಲಿ, ಗಲ್ಲೆಯಲ್ಲಿ, ಕಾರಕೂನನ ಮೇಜಿನಲ್ಲಿ ದುಡಿಯುತ್ತಲೇ ಸಂಘದ ವೇದಿಕೆಯ ಮೇಲೆ ದೇವೇಂದ್ರನೋ ದುಶ್ಶಾಸನನೋ ಆಗಿ ಮೆರೆದವರು ಈ ನಗರಗಳಲ್ಲಿ ಎಷ್ಟು ಮಂದಿ! ಅವರ ಹೆಸರುಗಳನ್ನೂ ಭಾವಚಿತ್ರಗಳನ್ನೂ ನಮ್ಮ ಸಂಘಗಳು ಬರೆದಿಡದೆ ಹೋದರೆ ಇನ್ನಾರು ಬರೆದಿಡುವರು?

ಆದುದರಿಂದ ಸಂಘಗಳ ಚಾಲಕರಲ್ಲಿಯೂ ವಾಚಕ ಬಂಧುಗಳಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಸಂಘದ ಸ್ಮರಣ ಸಂಚಿಕೆಯಲ್ಲಿ ಜಾಹೀರಾತಿನ ಪುಟಗಳ ನಡುವೆ ಒಂದು ಪುಟವನ್ನು ಆ ಹಿರಿಯ ಕಲಾವಿದರಿಗೆ ಮೀಸಲಿಡಿರಿ. ಯಕ್ಷಗಾನದ ಪ್ರದರ್ಶನಕ್ಕೆ ನೆರೆಮನೆಯ ಮರಾಠಿ ಕುಟುಂಬವನ್ನೂ ಕರೆಯಿರಿ. ಅವರ ನಾಟಕದ ತವರನ್ನು ಅವರಿಗೆ ತೋರಿಸಿರಿ. ಅವರ ನಾಟಕವು ಬಂದಾಗ ನಾವೂ ಹೋಗಿ ಕುಳಿತುಕೊಳ್ಳೋಣ. ಪುಕ್ಕಟೆ ಪಾಸಿಗಾಗಿ ಕಾಯದೆ ಟಿಕೇಟು ಕೊಳ್ಳೋಣ. ಭಾವೆಯವರನ್ನು ಕಷ್ಟದ ಕಾಲದಲ್ಲಿ ಉಳಿಸಿದುದು ಸಾಮಾನ್ಯರು ಕೊಂಡ ಆ ಟಿಕೇಟುಗಳೇ.