ಎರಿಕ್ ಮರಿಯ ರೆಮಾರ್ಕನ ಚರಿತ್ರೆ

ಜರ್ಮನಿ ದೇಶದ ಒಸ್ನಾಬ್ರುಕ್ ಪಟ್ಟಣದಲ್ಲಿ 1898ನೆಯ ಇಸವಿ ಜೂನ್ 22ರಂದು ಎರಿಕ್ ಪೌಲ್ ರೆಮಾರ್ಕನು ಹುಟ್ಟಿದನು. ಆತನ ತಂದೆಯು ಪುಸ್ತಕಗಳಿಗೆ ರಟ್ಟು ಕಟ್ಟಿ ಜೀವಿಸುವವನು. ಹುಡುಗನು ಉಪಾಧ್ಯಾಯನಾಗಲು ಕಲಿಯುತ್ತಿರುವಾಗಲೇ ಮಹಾಯುದ್ಧವು ನಡೆಯುತ್ತಿತ್ತು. 1916ರ ನವಂಬರದಲ್ಲಿ ಹದಿನೆಂಟು ವರುಷದ ಆತನನ್ನು ದಂಡಿಗೆ ಸೇರಿಸಿದರು. 1917ರ ಜುಲೈ 31ರಂದು ಫಿರಂಗಿ ಗುಂಡಿನ ಚೂರುಗಳು ತಗಲಿ ಆತನು ಬಹುಕಾಲ ಆಸ್ಪತ್ರೆಯಲ್ಲಿ ಬಿದ್ದಿದ್ದನು. ಆ ವರುಷವೇ ಆತನ ತಾಯಿ ಮರಣಹೊಂದಿದಳು. ಮುಂದೆ ಆತನು ಪೌಲ್ ಎಂಬುದನ್ನು ಬಿಟ್ಟು, ಆಕೆಯ ಜ್ಞಾಪಕಾರ್ಥವಾಗಿ ಮರಿಯ ಎಂಬ ಹೆಸರನ್ನು ಧರಿಸಿಕೊಂಡನು.

ಯುದ್ಧವು ಮುಗಿದ ಮೇಲೆ ಕೆಲಕಾಲ ಮಕ್ಕಳಿಗೆ ಪಾಠ ಹೇಳಿ, ಬೇರೆ ಬೇರೆ ಕೆಲಸಗಳನ್ನು ಮಾಡಿದರೂ ಕಂಡದ್ದನ್ನು ಮರೆಯಲಾರದೆ ಒಂದು ಕಥೆಯನ್ನು ಬರೆದನು. ಪಶ್ಚಿಮ ರಣರಂಗದಲ್ಲಿ ಹೊಸ ಸಮಾಚಾರವೇನೂ ಇಲ್ಲವೆಂಬರ್ಥದ ಹೆಸರುಳ್ಳ ಆ ಪುಸ್ತಕವು 1929ರಲ್ಲಿ ಪ್ರಕಟವಾಯಿತು. ಅದರಲ್ಲಿ ರಾಜರೂ ಸೇನಾಪತಿಗಳೂ ಮುಖ್ಯರಲ್ಲ. ಗುರುವಿನ ಮಾತಿಗೆ ಮರುಳಾಗಿ ಶಾಲೆಯ ಬೆಂಚಿನಿಂದ ದಂಡಿಗೆ ಹೋದ ಹುಡುಗರೇ ಮುಖ್ಯರು. ಅವರಲ್ಲೊಬ್ಬನಾದ ಪೌಲನು ಗುಂಡಿನಿಂದಾದ ಹಳ್ಳದಲ್ಲಿ ಅಡಗಿರುವಾಗ, ಮೇಲೆ ಬಿದ್ದ ಫ್ರೆಂಚ್ ಸಿಪಾಯಿಯನ್ನು ಹೆದರಿಕೆಯಿಂದ ತಿವಿಯುತ್ತಾನೆ. ಆ ಮನುಷ್ಯನು ಕೂಡಲೇ ಸಾಯುವುದಿಲ್ಲ. ಪೌಲನು ಪಕ್ಕದಲ್ಲೇ ಕುಳಿತು ಅವನಿಗೆ ನೀರು ಕುಡಿಸುತ್ತಾನೆ. ಸತ್ತ ಮೇಲೆ ಅವನ ಚೀಲದಲ್ಲಿ ಹೆಂಡತಿ ಮಗುವಿನ ಚಿತ್ರವನ್ನು ನೋಡಿ, ಅವನು ಅಚ್ಚುಕೂಟದ ಕೆಲಸದವನೆಂದು ತಿಳಿಯುತ್ತಾನೆ. ಶತ್ರುವೆಂಬವನು ತನ್ನಂಥ ಬಡವನೇ! ಕಡೆಗೆ ಪೌಲನೂ ಸಾಯುತ್ತಾನೆ. ಆ ದಿನದ ವರದಿಯಲ್ಲಾದರೋ ಹೊಸದೇನೂ ಇಲ್ಲ.

ಹದಿನೆಂಟು ತಿಂಗಳೊಳಗೆ 22 ಭಾಷೆಗಳಲ್ಲಿ ಸುಮಾರು 25 ಲಕ್ಷ ಪ್ರತಿಗಳು ಮಾರಿಹೋದವು. ಆದರೆ ಯುದ್ಧವನ್ನು ಕೊಂಡಾಡುವ ನಾಜಿ ಪಕ್ಷದವರಿಗೆ ಈ ಸತ್ಯವು ಸಹಿಸಲಿಲ್ಲ. 1930ರಲ್ಲಿ ಆ ಕಥೆಯ ಚಲಚ್ಚಿತ್ರವನ್ನು ಬರ್ಲಿನಿನಲ್ಲಿ ಗಲಭೆಮಾಡಿ ನಿಲ್ಲಿಸಿದರು. 1933ರಲ್ಲಿ ಪುಸ್ತಕವನ್ನು ಬಹಿರಂಗವಾಗಿ ಸುಟ್ಟರು. 1938ರಲ್ಲಿ ಆತನ ಪೌರತ್ವವನ್ನು ಕಿತ್ತುಕೊಂಡರು. ಆತನು ಮೊದಲು ಸ್ವಿಟ್ಜರ್ಲೆಂಡಿಗೂ 1939ರಲ್ಲಿ ಅಮೆರಿಕಕ್ಕೂ ಹೋಗಿ ಜೀವ ಉಳಿಸಿಕೊಂಡನು.

ಆತನ ತಂಗಿಯಾದ ಎಲ್ಫ್ರೀಡಳು, ಬಟ್ಟೆ ಹೊಲಿದು ಜೀವಿಸುವವಳು, ಜರ್ಮನಿಯಲ್ಲೇ ಉಳಿದಿದ್ದಳು. ಎರಡನೆಯ ಮಹಾಯುದ್ಧದಲ್ಲಿ ಗೆಲುವಿಲ್ಲವೆಂದು ಆಕೆ ಆಡಿದ ಮಾತನ್ನು ಪರಿಚಿತರೇ ಅಧಿಕಾರಿಗಳಿಗೆ ತಿಳಿಸಿದರು. 1943ರ ದಶಂಬರ 16ರಂದು ಆಕೆಯ ಶಿರಚ್ಛೇದವಾಯಿತು. ದೂರದಲ್ಲಿದ್ದ ಅಣ್ಣನಿಗೆ ಯುದ್ಧವು ಮುಗಿದ ಬಳಿಕವೇ ಇದು ತಿಳಿಯಿತು. 1952ರಲ್ಲಿ, ಸೆರೆಶಿಬಿರದ ಬಂದಿಗಳ ಕುರಿತು ಬರೆದ ಕಥೆಯನ್ನು ಆತನು ಆಕೆಯ ನೆನಪಿಗೆ ಅರ್ಪಿಸಿದನು. 1970ರ ಸಪ್ಟಂಬರ 25ರಂದು ಸ್ವಿಟ್ಜರ್ಲೆಂಡಿನ ಲೊಕಾರ್ನೊ ಪಟ್ಟಣದಲ್ಲಿ ತೀರಿಕೊಂಡನು.

ವಾಚಕರೇ, ಯುದ್ಧದ ವರದಿಯಲ್ಲಿ ಏನೂ ನಡೆಯಲಿಲ್ಲವೆಂದು ಓದುವಾಗ, ಆ ದಿನವೂ ಯಾವುದೋ ಮನೆಯ ಮಗನು ಹಿಂದಿರುಗಲಿಲ್ಲವೆಂಬುದನ್ನು ನೆನಸಿರಿ.