ಎಸ್.ಕೆ. ಬಾರ್ಡರ್ ಆಚೆಯಿಂದ ಬಂದ ದನಿ

ಶೃಂಗೇರಿಯಿಂದ ಕೆರೆಕಟ್ಟೆ ದಾಟಿ ಕಾರ್ಕಳದ ಕಡೆ ಇಳಿಯುವವರಿಗೆ ಎಸ್.ಕೆ. ಬಾರ್ಡರ್ ಗೊತ್ತೇ ಇರುತ್ತೆ. ಎಸ್.ಕೆ. ಅಂದ್ರೆ ಸೌತ್ ಕೆನರಾ. 1956ರ ನವೆಂಬರ್ 1ರವರೆಗೆ ಇದು ರಾಜ್ಯಗಳ ಗಡಿ. ಘಟ್ಟದ ಮೇಲೆ ಮೈಸೂರು, ಕೆಳಗೆ ಮದ್ರಾಸು. ಗಡಿ ಹೋಯ್ತು, ಹೆಸರು ಉಳೀತು.

ಪಿ. ಕಾಳಿಂಗರಾಯರು ಹುಟ್ಟಿದ್ದು ಆ ಗಡಿಯ ಕೆಳಗೆ, ಈಗಿನ ಉಡುಪಿ ಜಿಲ್ಲೆಯ ಆರೂರಿನಲ್ಲಿ, 1914ರಲ್ಲಿ. ಅವರ ದನಿಯಲ್ಲಿ ನಾಡಿಗೆಲ್ಲ ಪರಿಚಯವಾದ ‘ಮೂಡಲ್ ಕುಣಿಗಲ್ ಕೆರೆ’ಯ ಊರು ಇರುವುದು ಗಡಿಯ ಮೇಲಿನ ತುಮಕೂರು ಸೀಮೆಯಲ್ಲಿ. ಕರಾವಳಿಯ ಹುಡುಗನಿಗೂ ಬಯಲುಸೀಮೆಯ ಕೆರೆಗೂ ಎತ್ತಣಿಂದೆತ್ತ ಸಂಬಂಧ?

ತಂದೆ ಯಕ್ಷಗಾನ ಕಲಾವಿದರು. ಕರಾವಳಿಯ ಮೇಳಗಳು ಘಟ್ಟ ಹತ್ತಿ ಮಲೆನಾಡಿನಲ್ಲಿ ಆಟ ಆಡುವುದು ಹೊಸದೇನಲ್ಲ, ಹಾಡುವವರು ಊರೂರು ಸುತ್ತುವುದು ಆ ಕಡೆಯವರಿಗೆ ರೂಢಿಯೇ. ಮಗ ಚಿಕ್ಕ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದ. ಮುಂದೆ ಮದ್ರಾಸಿನಲ್ಲಿ ಸಂಗೀತದ ಮೇಷ್ಟ್ರಾದರು, ಸಿನಿಮಾಕ್ಕೂ ಹೋದರು. 1959ರ ‘ಅಬ್ಬಾ ಆ ಹುಡುಗಿ’ಗೆ ಸಂಗೀತ ಅವರದೇ. ಆದರೆ ಜನ ನೆನಪಿಟ್ಟುಕೊಂಡಿದ್ದು ಕವಿತೆ ಹಾಡುವ ಕಾಳಿಂಗರಾಯರನ್ನು. ಧಾರವಾಡದ ಬೇಂದ್ರೆ, ಮಲೆನಾಡಿನ ಕುವೆಂಪು, ಹಳೇ ಮೈಸೂರಿನ ಆಡುಮಾತಲ್ಲೇ ಪದ ಕಟ್ಟಿದ ರಾಜರತ್ನಂ, ಎಲ್ಲರೂ ಅವರ ಕೊರಳಲ್ಲಿ ಒಂದೇ ವೇದಿಕೆಗೆ ಬಂದರು. ಸುಗಮ ಸಂಗೀತ ಅಂತ ನಾವೀಗ ಕರೆಯುವುದಕ್ಕೆ ದಾರಿ ಹಾಕಿದವರಲ್ಲಿ ಅವರು ಮೊದಲಿಗರು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಬಂದದ್ದು ಆಮೇಲೆ.

ಈಗ ರೆಕಾರ್ಡಿನ ವಿಷಯ. ಹತ್ತು ಇಂಚಿನ ಹಳೆಯ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಅಂದ್ರೆ ಹೆಚ್ಚುಕಮ್ಮಿ 234 ಸುತ್ತು, ಅಷ್ಟೇ. ಜನಪದ ಹಾಡಿಗೆ ಇಂಥ ಗಡಿಯಾರ ಇಲ್ಲ. ಕೆಲಸ ಮುಗಿಯುವವರೆಗೆ ಅದು ಬೆಳೆಯುತ್ತೆ, ಹಾಡುವವರು ಬದಲಾದರೆ ಸಾಲೂ ಬದಲಾಗುತ್ತೆ. ತಟ್ಟೆಗೆ ಹತ್ತಿಸಬೇಕಾದರೆ ಸಾಲು ಆರಿಸಬೇಕು, ಧಾಟಿ ಗಟ್ಟಿ ಮಾಡಬೇಕು, ವಾದ್ಯ ಕೂಡಿಸಬೇಕು. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿ ಜೊತೆ ಹಾಡಿದ ಕುಣಿಗಲ್ ಕೆರೆ ಎಷ್ಟು ಗಟ್ಟಿಯಾಗಿ ನಿಂತಿತೆಂದರೆ, ಆಮೇಲೆ ಕ್ಯಾಸೆಟ್ಟು, ಸಿಡಿ, ಶಾಲಾ ವಾರ್ಷಿಕೋತ್ಸವ, ಈಗ ಮೊಬೈಲು, ಎಲ್ಲೆಡೆ ಅದರ ನೆರಳೇ ಕೇಳಿಸುತ್ತೆ.

ಇದು ದೊಡ್ಡ ಉಪಕಾರ. ರೆಕಾರ್ಡ್ ಆಗದೆ ಕಳೆದುಹೋದ ಹಾಡುಗಳಿಗೆ ಲೆಕ್ಕ ಇಟ್ಟವರಿಲ್ಲ. ಆದರೆ ಉಪಕಾರಕ್ಕೂ ಒಂದು ಬೆಲೆ ಇದೆ. ರೆಕಾರ್ಡು ಹಾಡಿದವರ ಹೆಸರು ಉಳಿಸುತ್ತೆ, ಕಟ್ಟಿದವರದ್ದನ್ನಲ್ಲ. ನಾಡಗೀತೆಯನ್ನೇ ನೋಡಿ. ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬರೆದದ್ದು. ಅದಕ್ಕೆ ಯಾರ ಧಾಟಿ ಎಂದು ವರ್ಷಗಟ್ಟಲೆ ವಾದ ನಡೆಯಿತು. 2022ರಲ್ಲಿ ಸರ್ಕಾರ ಅನಂತಸ್ವಾಮಿ ಧಾಟಿ ಎಂದು ಆದೇಶ ಮಾಡಿತು, ವಿಷಯ ಹೈಕೋರ್ಟಿಗೂ ಹೋಯಿತು. ಕುಣಿಗಲ್ ಕೆರೆಯ ಹಾಡಿಗಾಗಿ ಹಾಗೆ ಕೋರ್ಟಿಗೆ ಹೋಗುವವರು ಯಾರು? ಅದನ್ನು ಮೊದಲು ಹಾಡಿದವರ ಹೆಸರೇ ನಮ್ಮ ಹತ್ತಿರ ಇಲ್ಲ.

ಕಾಳಿಂಗರಾಯರು 1981ರಲ್ಲಿ ತೀರಿಕೊಂಡರು. ಅವರಿಗೂ ಈಗ ಅದೇ ಪಾಡು ಬರುವಂತಿದೆ. ಮೊಬೈಲಿನಲ್ಲಿ ಹಾಡು ಹುಡುಕಿದರೆ ಮೊದಲು ಸಿಗುವುದು ಮೊನ್ನೆ ಹಾಡಿದವರ ಹೆಸರು. ಹೊಸಬರು ಹಾಡಬಾರದು ಅಂತಲ್ಲ, ಹಾಡಲೇಬೇಕು. ಆದರೆ ವೇದಿಕೆಯಲ್ಲೋ ವಿಡಿಯೋದ ಕೆಳಗೋ ಇದು ಕುಣಿಗಲ್ ಸೀಮೆಯ ಜನಪದ, ಮನೆಮನೆಗೆ ಮುಟ್ಟಿಸಿದವರು ಕಾಳಿಂಗರಾಯರು, ಜೊತೆಗೆ ಮೋಹನಕುಮಾರಿ, ಸೋಹನಕುಮಾರಿ ಎಂದು ಹೇಳೋದಕ್ಕೆ ಹತ್ತು ಸೆಕೆಂಡು ಸಾಕು. ಇಲ್ಲದ ಗಡಿಯೊಂದರ ಹೆಸರನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವರು ನಾವು. ಗಡಿ ಮೀರಿ ಹಾಡಿದವರ ಹೆಸರನ್ನೂ ಉಳಿಸಿಕೊಳ್ಳಬಹುದಲ್ವಾ?