ಅಡಿಗರು ಸೋತ ಚುನಾವಣೆ

‘ಅಮೆರಿಕಾ ಅಮೆರಿಕಾ’ ಸಿನಿಮಾದ ಆ ಮುರಳಿಯ ಹಾಡನ್ನು ನಮ್ಮ ಪ್ರತಿ ಫೆಸ್ಟಿನಲ್ಲೂ ಯಾರಾದರೊಬ್ಬರು ಗಿಟಾರ್ ಹಿಡಿದು ಹಾಡೇ ಹಾಡ್ತಾರೆ. ಬರೆದವರು ಗೋಪಾಲಕೃಷ್ಣ ಅಡಿಗರು ಅಂತಲೂ ಬಹಳ ಜನಕ್ಕೆ ಗೊತ್ತು. ಆದರೆ ಅವರು ಲೋಕಸಭೆಗೆ ನಿಂತು ಸೋತಿದ್ದರು ಅನ್ನೋದು ನಮ್ಮ ಸಂಘದಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅವರ ಮೇಲೆ ಕಾರ್ಯಕ್ರಮ ಮಾಡಬೇಕೋ ಬೇಡವೋ ಅಂತ ಜಗಳ ಶುರುವಾಯ್ತು. ನಮ್ಮಲ್ಲಿ ಇಬ್ಬರು ಎರಡು ವಾರದಿಂದ ಮಾತು ಬಿಟ್ಟಿದ್ದಾರೆ. ಅದಕ್ಕೇ ನಾವು ಕೂತು ಓದಿ ಇದನ್ನು ಬರೀತಿದ್ದೇವೆ.

ಅಡಿಗರು ಹುಟ್ಟಿದ್ದು 1918ರ ಫೆಬ್ರವರಿ 18ರಂದು, ಬೈಂದೂರು ಹತ್ತಿರದ ಮೊಗೇರಿಯಲ್ಲಿ. ಅಲ್ಲಿಂದ ಕೊಲ್ಲೂರು ಘಟ್ಟ ಹತ್ತಿದರೆ ಹೊಸನಗರ ತಾಲೂಕು. ಮೇಷ್ಟರ ಕೆಲಸ ಮಾಡ್ತಾ ಮೈಸೂರು, ಕುಮಟಾ ಅಂತ ತಿರುಗಿ, 1964ರಲ್ಲಿ ಸಾಗರದ ಲಾಲ್ ಬಹದ್ದೂರ್ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬಂದರು. ನಾಲ್ಕು ವರ್ಷ ಅಲ್ಲಿದ್ದರು. ಆ ಹೊತ್ತಿಗೆ ‘ಚಂಡೆಮದ್ದಳೆ’, ‘ಭೂಮಿಗೀತ’ ಬಂದು, ನವ್ಯ ಕಾವ್ಯ ಅಂದರೆ ಅಡಿಗರು ಅನ್ನುವಂತಾಗಿತ್ತು. ‘ಸಾಕ್ಷಿ’ ಪತ್ರಿಕೆಯ ಸಂಪಾದಕರೂ ಅವರೇ. ಪಕ್ಕದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಇದ್ದರು. ನೆಹರೂ ಪ್ರಧಾನಿಯಾಗಿದ್ದಾಗಲೇ ಅವರ ಮೇಲೆ ವ್ಯಂಗ್ಯದ ಪದ್ಯ ಬರೆದಿದ್ದ ಈ ಮನುಷ್ಯ ಮೊದಲು ಹೀಗಿರಲಿಲ್ಲ. 1948ರ ‘ಕಟ್ಟುವೆವು ನಾವು’ ಓದಿದರೆ ಹೊಸ ದೇಶದ ಬಗ್ಗೆ ಎಷ್ಟು ಆಸೆ ಇಟ್ಟಿದ್ದರು ಅಂತ ಗೊತ್ತಾಗುತ್ತೆ. ಆಸೆ ದೊಡ್ಡದಿದ್ದಷ್ಟು ಸಿಟ್ಟೂ ದೊಡ್ಡದಾಯ್ತೇನೋ.

ಸಾಗರ, ಹೊಸನಗರ, ತೀರ್ಥಹಳ್ಳಿ ಅಂದರೆ ಆಗ ಸಮಾಜವಾದಿಗಳ ಸೀಮೆ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲೂಕಿನಲ್ಲಿ, ಲೋಹಿಯಾ ಬಂದು ಅರೆಸ್ಟ್ ಆದದ್ದೂ ಅಲ್ಲೇ. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದರು, ಆಮೇಲೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ಅವರು ಜನರ ಹತ್ತಿರ ಒಂದು ವೋಟು, ಜೊತೆಗೆ ಒಂದು ನೋಟು ಕೇಳಿ ಚುನಾವಣೆ ಮಾಡಿದವರು (ಈಗ ನೋಟು ಉಲ್ಟಾ ದಿಕ್ಕಿನಲ್ಲಿ ಹೋಗುತ್ತೆ, ಬಿಡಿ). ಗೌಡರಿಗೆ ಅಡಿಗರ ಕಾವ್ಯ ಅಂದರೆ ಪ್ರಾಣ. ಇಬ್ಬರಿಗೂ ಕಾಂಗ್ರೆಸ್ ಆಗುತ್ತಿರಲಿಲ್ಲ. ಆದರೆ ಗೌಡರು ಎಡಕ್ಕೆ ನಿಂತರು, ಅಡಿಗರು ಬಲಕ್ಕೆ ಸರಿದರು.

1971ರ ಮಾರ್ಚಿನ ಚುನಾವಣೆಗೆ ಅಡಿಗರು ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ನಿಂತರು. ಅವರ ಶಿಷ್ಯರಂತಿದ್ದ ಪ್ರಗತಿಪರ ಲೇಖಕರಿಗೆ ಇದು ದೊಡ್ಡ ಶಾಕ್. ಗೆದ್ದವರು ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ. ಅಡಿಗರೊಬ್ಬರೇ ಅಲ್ಲ, ರಾಜ್ಯದ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೇ ಹೋದವು. ದೇಶದಲ್ಲಿ ಅವರಿಗೆ 352, ಜನಸಂಘಕ್ಕೆ 22.

ಇಲ್ಲಿ ನಮ್ಮ ಹಾಸ್ಟೆಲಿನ ಜಗಳಕ್ಕೂ ಅದಕ್ಕೂ ಸಂಬಂಧ ಇದೆ. ಮೀಡಿಯಾ ಮಾರಾಟ ಆಗಿದೆ ಅಂತ ಈಗ ಸೋತವರೆಲ್ಲ ಹೇಳ್ತಾರಲ್ಲ, ಆಗಲೂ ಹಾಗೇ. ಟಿವಿ ಬೆಂಗಳೂರಿಗೆ ಬಂದೇ ಇರಲಿಲ್ಲ, ರೇಡಿಯೋ ಪೂರ್ತಿ ಸರ್ಕಾರದ್ದು. ಆಕಾಶವಾಣಿ ಇಂದಿರಾವಾಣಿ ಆಗಿದೆ ಅಂತ ವಿರೋಧ ಪಕ್ಷಗಳ ದೂರು. ಇಂದಿರಾ ಅವರ ದೂರು ಬೇರೆ: ದೊಡ್ಡ ಪತ್ರಿಕೆಗಳೆಲ್ಲ ಶ್ರೀಮಂತರ ಕೈಲಿವೆ, ತಮ್ಮ ವಿರುದ್ಧ ಬರೀತಾವೆ ಅಂತ. ನಮಗನ್ನಿಸೋದು, ಇಬ್ಬರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇತ್ತು. ಆದರೆ ಅಷ್ಟರಿಂದ 352 ಸೀಟಿಗೆ ಲೆಕ್ಕ ಕೊಡೋಕೆ ಆಗಲ್ಲ. ದೆಹಲಿಯಲ್ಲಿ ಸೋತ ಜನಸಂಘದ ಬಲರಾಜ್ ಮಧೋಕ್ ಇನ್ನೂ ಮುಂದೆ ಹೋಗಿ, ಬ್ಯಾಲೆಟ್ ಪೇಪರಿಗೆ ಕೆಮಿಕಲ್ ಹಚ್ಚಿದ್ದರು, ಹಾಕಿದ ಗುರುತು ಮಾಯವಾಗಿ ಬೇರೆ ಗುರುತು ಮೂಡ್ತಿತ್ತು ಅಂದರು. ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಇವಿಎಂ ಬರೋಕೆ ಮುಂಚೆಯೇ ಹ್ಯಾಕಿಂಗ್ ಆರೋಪ ಬಂದಿತ್ತು ನೋಡಿ!

ಅಡಿಗರು ಹೋದ ದಾರಿ ಬೇರೆ. ಸೋತ ವರ್ಷವೇ ದೆಹಲಿಗೆ ಹೋಗಿ ನ್ಯಾಷನಲ್ ಬುಕ್ ಟ್ರಸ್ಟಿನಲ್ಲಿ ಕೆಲಸಕ್ಕೆ ಸೇರಿದರು, ಆಮೇಲೆ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆ. ಎರಡೂ ಕೇಂದ್ರ ಸರ್ಕಾರದ ಸಂಸ್ಥೆಗಳೇ. 1972ರಲ್ಲಿ ‘ವರ್ಧಮಾನ’ ಬಂತು, ಅದಕ್ಕೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಇಷ್ಟೆಲ್ಲ ಸಿಕ್ಕ ಮೇಲೆ ಸುಮ್ಮನಿರಬಹುದಿತ್ತು. ಆದರೆ 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದು, ಪತ್ರಿಕೆಗಳಲ್ಲಿ ಏನು ಅಚ್ಚಾಗಬೇಕು ಅಂತ ಸರ್ಕಾರವೇ ನೋಡೋಕೆ ಶುರು ಮಾಡಿದಾಗ, ಅಡಿಗರು ಅದರ ವಿರುದ್ಧವೇ ಪದ್ಯ ಬರೆದರು. ಮೀಡಿಯಾ ಪಕ್ಷಪಾತಿ ಅಂತ ಗೊಣಗೋದು ಸುಲಭ. ಬಾಯಿ ಕಟ್ಟಿದಾಗ ಬರೆಯೋದು ಸುಲಭ ಅಲ್ಲ, ಅದೂ ಐವತ್ತೇಳನೇ ವಯಸ್ಸಿನಲ್ಲಿ.

1977ರಲ್ಲಿ ಇಂದಿರಾ ಸೋತರು, ಆದರೆ ಕರ್ನಾಟಕದ 28 ಸೀಟಿನಲ್ಲಿ 26 ಮತ್ತೆ ಕಾಂಗ್ರೆಸ್ಸಿಗೇ! ಅಡಿಗರ ಸ್ವಂತ ಜನ ಎರಡನೇ ಸಲವೂ ಅವರ ಮಾತು ಕೇಳಲಿಲ್ಲ ಅನ್ನಬಹುದು. ಅದೇ ಜನ 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಅನಂತಮೂರ್ತಿ, ಲಂಕೇಶ್ ಇಬ್ಬರೂ ಅವರ ರಾಜಕೀಯ ಒಪ್ಪಲಿಲ್ಲ, ಅವರ ಕಾವ್ಯವನ್ನು ಬಿಡಲೂ ಇಲ್ಲ. ಅಡಿಗರು ತೀರಿಕೊಂಡದ್ದು 1992ರ ನವೆಂಬರ್ 14ರಂದು. ನೆಹರೂ ಹುಟ್ಟಿದ ದಿನ.

ಕಾರ್ಯಕ್ರಮ ಮಾಡ್ತಿದ್ದೇವೆ. ಮುರಳಿಯ ಹಾಡು ಇರುತ್ತೆ, ನೆಹರೂ ಪದ್ಯವೂ ಇರುತ್ತೆ, ತುರ್ತುಪರಿಸ್ಥಿತಿಯ ಪದ್ಯಗಳೂ. ಮಾತು ಬಿಟ್ಟ ಇಬ್ಬರಿಗೂ ಒಂದೊಂದು ಓದೋಕೆ ಕೊಟ್ಟಿದ್ದೇವೆ, ಇಬ್ಬರೂ ಸದ್ಯಕ್ಕೆ ಬೇಡ ಅಂದಿಲ್ಲ.